ಯಾವ ಬಸ್ಸು?

ಮುರಿದ ಕೈಯನ್ನೋ ಕಾಲನ್ನೋ ಹಿಡಿದುಕೊಂಡು ಯಾರೇ ಬರಲಿ, ದಬ್ಬೆ ಮುನಿಯಪ್ಪನವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಯಾವ ಬಸ್ಸು?”

ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ, ಎಲ್ಲಿ ನೋವು ಎಂದೂ ಕೇಳುತ್ತಿರಲಿಲ್ಲ. ಎಲ್ಲಿ ನೋವು ಎನ್ನುವುದು ಅವರ ಬೆರಳಿಗೆ ತಾನಾಗಿ ತಿಳಿಯುತ್ತಿತ್ತು. ಕ್ಯಾಲನೂರಿನ ಕಡೆಯ ರೈತನೊಬ್ಬ ಹುಣಸೆಮರದಿಂದ ಬಿದ್ದು, ಮೊಣಕೈ ಹಿಂದುಮುಂದಾಗಿ, ಎತ್ತಿನ ಗಾಡಿಯಲ್ಲಿ ಮಲಗಿ ಕಿರುಚುತ್ತ ಬಂದಿದ್ದ. ಅವನಿಗೂ ಅದೇ ಪ್ರಶ್ನೆ. “ಬಸ್ಸಲ್ಲ ತಾತೋ, ಹುಣಸೆಮರ!” ಎಂದು ಅವನು ಅರಚಿದ. ಮುನಿಯಪ್ಪನವರ ಮುಖ ಅರಳಿತು. “ಸದ್ಯ, ಬದುಕ್ಕಂಡೆ” ಎಂದರು, ಮಗಳಿಗೆ ಗಂಡು ಗೊತ್ತಾದವರ ಹಾಗೆ. ಆ ರೈತ ಅಷ್ಟು ನೋವಿನಲ್ಲೂ ತಲೆಯೆತ್ತಿ ಅವರನ್ನು ದುರುಗುಟ್ಟಿ ನೋಡಿದ. ಇದನ್ನು ನಾನು ಕಣ್ಣಾರೆ ಕಂಡವಳು. ಅದೇ ಪಡಸಾಲೆಯಲ್ಲಿ, ಮೂರು ಮೊಳ ಆಚೆ, ಎಡಗಾಲಿಗೆ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದೆ. ಆಗ ನನಗೆ ಹನ್ನೊಂದು ವರ್ಷ.

ಮೋಡ ಕವಿದರೆ ಹಳೆಯ ಮುರಿತ ನೋಯುತ್ತದೆ ಎಂದು ನನ್ನ ವಾರಗೆಯವರೆಲ್ಲ ನರಳುತ್ತಾರೆ. ನನಗೆ ನೋಯುವುದಿಲ್ಲ. ನೋಯುತ್ತದೆ ಎಂದು ಹೇಳಿದರೆ ಮುನಿಯಪ್ಪನವರಿಗೆ ಅವಮಾನ ಮಾಡಿದಂತೆ. ನೋಯುವುದು ಬೇರೆ ಏನೋ, ಅದಕ್ಕೆ ಅವರ ಹತ್ತಿರವೂ ಕಟ್ಟು ಇರಲಿಲ್ಲ.

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ದಾರಿಯಲ್ಲಿ ಒಂದು ದೊಡ್ಡ ಕೆರೆ. ಅದರ ಏರಿ ಇಳಿದ ಕೂಡಲೇ ಹತ್ತಿಪ್ಪತ್ತು ಮನೆಗಳ ಒಂದು ಊರು. ರಸ್ತೆಗೆ ಅಂಟಿಕೊಂಡ ಮೊದಲ ಮನೆಯೇ ಅವರದು. ಮುಂದೆ ಅಗಲವಾದ ಜಗಲಿ, ಒಳಗೆ ಮುರಿದುಕೊಂಡವರು ಮಲಗುವ ಪಡಸಾಲೆ, ಹಿತ್ತಲಲ್ಲಿ ಬಿದಿರ ಮೆಳೆ. ಮೂಳೆ ಕೂಡಿಸಿದ ಮೇಲೆ ಸೊಪ್ಪು ಅರೆದು, ಉದ್ದಿನ ಹಿಟ್ಟನ್ನು ಮೊಟ್ಟೆಯ ಲೋಳೆಯಲ್ಲಿ ಕಲಸಿ ಬಳಿದು, ಹಳೆಯ ಪಂಚೆ ಸುತ್ತಿ, ಸುತ್ತಲೂ ಬಿದಿರ ದಬ್ಬೆ ಇಟ್ಟು ಬಿಗಿಯುತ್ತಿದ್ದರು. ಬಂದವರ ಕೈಕಾಲನ್ನು ಗೇಣಿನಲ್ಲಿ ಅಳೆದು ಆಗಿಂದಾಗಲೇ ಮೆಳೆಗೆ ಹೋಗಿ ಬಿದಿರು ಕಡಿಯುವುದು ಅವರ ಪದ್ಧತಿ. ಒಬ್ಬರ ದಬ್ಬೆಯನ್ನು ಇನ್ನೊಬ್ಬರಿಗೆ ಕಟ್ಟುತ್ತಿರಲಿಲ್ಲ. “ಒಬ್ರ ನೋವು ಕುಡಿದಿರೋ ದಬ್ಬೆ ಅದು. ಇನ್ನೊಬ್ರಿಗೆ ಯಾಕೆ ಕುಡಿಸ್ಬೇಕು?” ಎನ್ನುತ್ತಿದ್ದರು. ಬಿಚ್ಚಿದ ಮೇಲೆ ಒಲೆಗೂ ಹಾಕುವಂತಿಲ್ಲ. ಒಬ್ಬೊಬ್ಬರದನ್ನೂ ಒಂದೊಂದು ಕಟ್ಟು ಮಾಡಿ ದನದ ಕೊಟ್ಟಿಗೆಯ ಅಟ್ಟಕ್ಕೆ ಸೇರಿಸುತ್ತಿದ್ದರು. ಮರದಿಂದ ಬಿದ್ದವರು, ಬಾವಿಗೆ ಜಾರಿದವರು, ಎತ್ತು ಹಾಯಿಸಿಕೊಂಡವರು ಬಿಳಿ ದಾರ, ಅಟ್ಟದ ಎಡಗಡೆ. ಬಸ್ಸಿನಿಂದ ಮುರಿದುಕೊಂಡವರು ಕರಿ ದಾರ, ಬಲಗಡೆ.

ಅವರು ಮೂಳೆ ನೋಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಇನ್ನೊಂದು ವಿಶೇಷ: ಮಾತಾಡುವುದು, ಬೈಯುವುದು, ಹರಟೆ ಹೊಡೆಯುವುದು ಎಲ್ಲ ಕನ್ನಡದಲ್ಲಿ. ಎಳೆದು ಕೂಡಿಸುವ ಹೊತ್ತಿಗೆ ಮಾತ್ರ ತೆಲುಗು ಬರುತ್ತಿತ್ತು. “ಏಡವಕು ತಲ್ಲೀ, ಅಯಿಪೋಯಿಂದಿ, ಅಯಿಪೋಯಿಂದಿ.” ಅಳಬೇಡ ತಾಯಿ, ಆಗಿಹೋಯಿತು ಎಂದು. ಆಗಿಹೋಯಿತು ಅಂದರೆ ಇನ್ನೂ ಆಗಬೇಕು ಎಂದರ್ಥ. ಹೀಗಾಗಿ ಆ ಪಡಸಾಲೆಯಲ್ಲಿ ಅವರ ಬಾಯಿಂದ ತೆಲುಗು ಹೊರಟರೆ ಸಾಕು, ಗಂಡಸರೂ ಗೋಡೆ ಹಿಡಿದುಕೊಳ್ಳುತ್ತಿದ್ದರು.

‘ಯಾವ ಬಸ್ಸು’ ಎಂದು ಕೇಳುವುದಕ್ಕೆ ಕಾರಣ ಸುತ್ತಮುತ್ತಲಿಗೆಲ್ಲ ಗೊತ್ತಿತ್ತು. ಅವರ ಒಬ್ಬನೇ ಮಗ ನಾರಾಯಣ ಆ ದಾರಿಯ ಬಸ್ಸಿನ ಡ್ರೈವರು. ಮುನಿಯಪ್ಪನವರ ಹೆಂಡತಿ ಅವನನ್ನು ಹೆತ್ತ ವರ್ಷವೇ ತೀರಿಕೊಂಡಿದ್ದರು. ಇವರೇ ತಮ್ಮ ಅಕ್ಕ ಗಂಗಮ್ಮನವರ ಜೊತೆ ಸೇರಿ ಮಗನನ್ನು ಸಾಕಿದ್ದರು. ಮೂಳೆ ಕಟ್ಟುವುದನ್ನು ಕಲಿಯೋ ಎಂದರೆ ಅವನು ಸ್ಟಿಯರಿಂಗ್ ಹಿಡಿದ. ಆ ಕಾಲದಲ್ಲಿ ಡ್ರೈವರ್ ಎಂದರೆ ಏನು ಕಡಿಮೆಯೇ? ಖಾಕಿ ಕೋಟು, ಕೊರಳಿಗೆ ರೇಷ್ಮೆ ಕರ್ಚೀಫು, ಅಮಲ್ದಾರರಿಗೂ ಸಿಗದ ಮರ್ಯಾದೆ. ಬೆಳಿಗ್ಗೆ ಕೋಲಾರಕ್ಕೆ, ಸಂಜೆ ಶ್ರೀನಿವಾಸಪುರಕ್ಕೆ. ಮನೆಯ ಮುಂದೆ ಹಾಯುವಾಗ ರಬ್ಬರ್ ಬುರುಡೆಯ ಹಾರನ್ನು ಎರಡು ಸಲ ಒತ್ತುತ್ತಿದ್ದ: ಪಾಂವ್, ಪಾಂವ್. ಅಪ್ಪಾ, ನಾನು ನೆಟ್ಟಗಿದ್ದೀನಿ ಎಂದು. ಸಂಜೆಯ ಆ ಎರಡು ಸದ್ದು ಕಿವಿಗೆ ಬೀಳುವವರೆಗೆ ಮುನಿಯಪ್ಪನವರು ಜಗಲಿ ಬಿಟ್ಟು ಏಳುತ್ತಿರಲಿಲ್ಲ, ಮುದ್ದೆ ಮುಟ್ಟುತ್ತಿರಲಿಲ್ಲ. “ಬಸ್ಸು ಕೆಟ್ಟು ನಿಂತ್ರೆ ನಾನು ಉಪವಾಸ ಸಾಯ್ಬೇಕೇನೋ?” ಎಂದು ಗಂಗಮ್ಮನವರು ಒಳಗಿನಿಂದ ಗೊಣಗುತ್ತಿದ್ದರು.

ಬಸ್ಸಿನಲ್ಲಿ ಇಷ್ಟೇ ಜನ ಕೂರಬೇಕು, ಟಾಪಿನ ಮೇಲೆ ಯಾರೂ ಹತ್ತಕೂಡದು, ಇಷ್ಟಕ್ಕಿಂತ ಜೋರಾಗಿ ಓಡಿಸಕೂಡದು, ಗಾಡಿಗಳು ಎಡಕ್ಕೇ ಹೋಗಬೇಕು ಎಂದು ಸರ್ಕಾರದ ಕಾಯಿದೆ ಬಂದದ್ದು ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ. ಕಾಯಿದೆ ಬಂತು ಎಂದರೆ ನಮ್ಮ ಜನ ಹೆದರಿದರು ಎಂದುಕೊಂಡಿರಾ? ಕೋಲಾರಕ್ಕೆ ಹತ್ತಿರ ರಸ್ತೆ ಬದಿಯಲ್ಲಿ ಒಂದು ಪೊಲೀಸ್ ಚೌಕಿ ಇತ್ತು. ಅದಕ್ಕೆ ಒಂದು ಫರ್ಲಾಂಗು ಈಚೆಗೆ ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರು “ಹೆಚ್ಚಿಗೆ ಇರೋರು ಇಳೀರಿ!” ಎನ್ನುತ್ತಿದ್ದ. ಟಾಪಿನ ಮೇಲಿನವರು, ಫುಟ್‌ಬೋರ್ಡಿನವರು, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತಿದ್ದವರು ಎಲ್ಲ ಇಳಿದು, ಗದ್ದೆಯ ಬದುವಿನ ಮೇಲೆ ಸಾಲಾಗಿ, ಚೌಕಿಯ ಹಿಂಭಾಗದಿಂದ ಸುತ್ತಿಕೊಂಡು ಹೋಗುತ್ತಿದ್ದರು. ಬಸ್ಸು ಹಗುರಾಗಿ, ಮರ್ಯಾದಸ್ಥನ ಹಾಗೆ ಚೌಕಿ ದಾಟಿ, ಆಚೆಯ ಹೊಂಗೆಮರದ ಕೆಳಗೆ ಅವರಿಗಾಗಿ ಕಾಯುತ್ತಿತ್ತು. ಎಲ್ಲರೂ ಮತ್ತೆ ಹತ್ತುತ್ತಿದ್ದರು. ಇದಕ್ಕೆ ‘ಚೌಕಿ ಪ್ರದಕ್ಷಿಣೆ’ ಎಂದು ಹೆಸರು. ನಾನೂ ಅಮ್ಮನ ಜೊತೆ ಎಷ್ಟು ಸಲ ಆ ಪ್ರದಕ್ಷಿಣೆ ಹಾಕಿದ್ದೀನೋ! ನಮಗೆಲ್ಲ ಅದೊಂದು ಆಟ. ಕಾಯಿದೆ ಇರುವುದು ಚೌಕಿಯ ಮುಂದಿನ ನೂರು ಗಜಕ್ಕೆ ಮಾತ್ರ, ಉಳಿದ ರಸ್ತೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಇಡೀ ಸೀಮೆ ನಂಬಿತ್ತು.

ನಂಬದಿದ್ದವರು ಒಬ್ಬರೇ. ಬಸ್ಸನ್ನು ಶ್ರೀನಿವಾಸಪುರದಲ್ಲಿ ಬಿಟ್ಟು ಸೈಕಲ್ಲಿನಲ್ಲಿ ಮನೆಗೆ ಬಂದ ಮಗನೊಂದಿಗೆ ಮುನಿಯಪ್ಪನವರು ದಿನಾ ರಾತ್ರಿ ಜಗಳವಾಡುತ್ತಿದ್ದರಂತೆ. “ಮೂಳೆ ಮುರಿಯೋಕೆ ಚೌಕಿ ಹತ್ರಾನೇ ಬರ್ಬೇಕೇನ್ಲಾ? ಎಲ್ಲಿ ಬೇಕಾದ್ರೂ ಮುರೀತೈತೆ” ಎಂದರೆ, ನಾರಾಯಣ “ಜನ ಕೇಳಲ್ಲಪ್ಪ, ಓನರ್ರೂ ಕೇಳಲ್ಲ, ನಾನೊಬ್ಬ ಏನ್ ಮಾಡ್ಲಿ?” ಎಂದು ತಟ್ಟೆ ಎಳೆದುಕೊಳ್ಳುತ್ತಿದ್ದನಂತೆ. ಇದನ್ನು ನನಗೆ ಹೇಳಿದವರು ಗಂಗಮ್ಮನವರು.

ನನ್ನ ಕಾಲು ಮುರಿದದ್ದು ಹೇಗೆಂದು ಈಗ ಹೇಳಲೇಬೇಕು. ನಮ್ಮ ತಂದೆ ಶ್ರೀನಿವಾಸಪುರದಲ್ಲಿ ಮೇಷ್ಟರು. ಅಮ್ಮ, ನಾನು ಕೋಲಾರದ ಅಜ್ಜಿಯ ಮನೆಗೆ ಹೊರಟಿದ್ದೆವು. ಅವತ್ತು ಸಂತೆ. ಒಳಗೆ ಉಸಿರಾಡಲು ಜಾಗವಿರಲಿಲ್ಲ. ಟಾಪಿನ ಮೇಲೆ ಜನ, ಜನರ ನಡುವೆ ಕಡಲೆಕಾಯಿ ಮೂಟೆ. ಕೆರೆ ಏರಿಯ ತಿರುವಿನಲ್ಲಿ ಎದುರಿಗೆ ಹುಲ್ಲು ತುಂಬಿದ ಗಾಡಿ, ರಸ್ತೆಯ ನಟ್ಟನಡುವೆ, ಗಾಡಿಯವ ಹುಲ್ಲಿನ ಮೇಲೆ ನಿದ್ದೆ. ನಾರಾಯಣ ಪಕ್ಕಕ್ಕೆ ಎಳೆದ. ತಲೆಭಾರದ ಬಸ್ಸು ಮೊದಲು ಒಂದು ಕಡೆ ವಾಲಿತು. ಎಲ್ಲರೂ ‘ಹೋ’ ಎಂದೆವು. ಆಮೇಲೆ ಮೆಲ್ಲಗೆ, ನಿಜವಾಗಿಯೂ ಬಹಳ ಮೆಲ್ಲಗೆ, ಏರಿಯ ಕೆಳಗೆ ಮಗುಚಿಕೊಂಡಿತು. ಗಾಡಿಯ ಎತ್ತುಗಳು ಒಂದು ಸಲ ತಿರುಗಿ ನೋಡಿ ತಮ್ಮ ಪಾಡಿಗೆ ನಡೆದವು.

ಟಾಪಿನ ಮೇಲಿದ್ದ ಒಬ್ಬ ಕುರಿ ವ್ಯಾಪಾರಿ ಅಲ್ಲೇ ತೀರಿಕೊಂಡ. ಅವನ ಕೆಂಪು ರುಮಾಲು ಬಿಚ್ಚಿಕೊಂಡು ಏರಿಯ ಕಲ್ಲುಗಳ ಮೇಲೆ ಉದ್ದಕ್ಕೆ ಹಾಸಿತ್ತು. ಅದನ್ನು ದಾಟಲು ಯಾರಿಗೂ ಧೈರ್ಯ ಬರದೆ ಎಲ್ಲರೂ ಸುತ್ತಿಕೊಂಡು ಹೋಗುತ್ತಿದ್ದರು. ನನ್ನ ಎಡಗಾಲು ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಮೊಣಕಾಲ ಕೆಳಗೆ ಮುರಿದಿತ್ತು. ಹಣೆಯಿಂದ ರಕ್ತ ಸುರಿಯುತ್ತಿದ್ದ ನಾರಾಯಣಣ್ಣನೇ ನನ್ನನ್ನು ಎತ್ತಿಕೊಂಡು ಓಡಿದ. ಅಮ್ಮ ಹಿಂದೆ ಅಳುತ್ತ ಬರುತ್ತಿದ್ದಳು.

ಜಗಲಿಯ ಮೇಲೆ ನಿಂತಿದ್ದ ಮುನಿಯಪ್ಪನವರು ಕೇಳಿದ್ದು ಅದೇ. “ಯಾವ ಬಸ್ಸು?”

ನಾರಾಯಣಣ್ಣನ ಎದೆ ನನ್ನ ಕಿವಿಯ ಹತ್ತಿರವೇ ಹೊಡೆದುಕೊಳ್ಳುತ್ತಿತ್ತು. ಮುನಿಯಪ್ಪನವರು ಇನ್ನೊಂದು ಸಲ ಕೇಳಿದರು. ಕಣ್ಣು ಕಾಣದವರ ಹಾಗೆ ಮಗನ ತೋಳು, ಹೆಗಲು, ಕುತ್ತಿಗೆ ಮುಟ್ಟಿ ನೋಡುತ್ತ ಕೇಳಿದರು.

“ನಂದೇ ಅಪ್ಪಾ.”

“ಎಷ್ಟು ಜನ?”

“ಒಬ್ಬ ಹೋದ.”

ಮುನಿಯಪ್ಪನವರು ನನ್ನನ್ನು ಅವನ ಕೈಯಿಂದ ತೆಗೆದುಕೊಂಡರು. ನನ್ನ ಕಾಲು ಹಿಡಿದು ಕಣ್ಣು ಮುಚ್ಚಿದರು. ತೆಲುಗು ಶುರುವಾಯಿತು.

ಮೊಟ್ಟೆಯ ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಯಬೇಕು. ಸುದ್ದಿ ಕೇಳಿ ಕೋಲಾರದಿಂದ ಗಾಡಿ ಕಟ್ಟಿಸಿಕೊಂಡು ಬಂದ ನಮ್ಮಜ್ಜಿ, ನಾಲ್ಕನೆಯ ದಿನ ಕಟ್ಟು ಬದಲಾಯಿಸುವಾಗ ಲೋಳೆ ನೋಡಿ “ಅಯ್ಯಯ್ಯೋ, ಮಡಿ ಮೈಲಿಗೆ ಇಲ್ವೇನಪ್ಪಾ?” ಎಂದು ರಂಪ ಎಬ್ಬಿಸಿದರು. ಮುನಿಯಪ್ಪನವರು ಕೈ ನಿಲ್ಲಿಸಲಿಲ್ಲ. “ಕಾಲು ತಿಂತೈತೇನಮ್ಮಾವ್ರೇ? ಬಳ್ಕೊಂತೈತೆ ಅಷ್ಟೇ. ಬಾಯಿಗೆ ಹಾಕಿದ್ರೆ ಬೈಯ್ರಿ. ನಿಮ್ ಮೊಮ್ಮಗಳು ಕುಂಟಿದ್ರೆ ಮಡಿ ಏನ್ ಮಾಡ್ತೀರಿ, ಊರುಗೋಲು ಮಾಡ್ಕೊಡ್ತೀರಾ?” ಎಂದರು. ನಮ್ಮಜ್ಜಿಗೆ ಎದುರಾಡಿದವರನ್ನು ನಾನು ಅದೇ ಮೊದಲು ನೋಡಿದ್ದು. ಅವತ್ತಿನಿಂದ ನಾನು ಅವರ ಕಡೆಯವಳಾದೆ.

ಮೂಳೆ ಕೂಡುವವರೆಗೆ ಕದಲುವಂತಿಲ್ಲ ಎಂದು ಅಮ್ಮನೂ ನಾನೂ ಅಲ್ಲೇ ಉಳಿದೆವು. ಪಕ್ಕದಲ್ಲಿ ಅದೇ ಬಸ್ಸಿನಲ್ಲಿ ಹೆಗಲು ಮುರಿದುಕೊಂಡ ಬಳೆಗಾರ ಖಾದರ್ ಸಾಬರು. ಅವರ ಬಳೆಗಳೆಲ್ಲ ಏರಿಯ ಮೇಲೆ ಚೂರಾಗಿದ್ದವು. ಉಳಿದಿದ್ದ ಮೂರು ಹಸಿರು ಬಳೆಗಳನ್ನು ನನಗೆ ತೊಡಿಸಿ, “ಬೇಟೀ, ಇವು ನಿನ್ ಥರಾನೇ ಗಟ್ಟಿ” ಎಂದಿದ್ದರು. ನಾನು ಸುಮ್ಮನಿರುವ ಜಾತಿಯಲ್ಲ. ದಿನವಿಡೀ ಮುನಿಯಪ್ಪನವರನ್ನು ಪೀಡಿಸುತ್ತಿದ್ದೆ. ದಬ್ಬೆ ಯಾಕೆ ಬಿದಿರಿನದೇ? ಕಣ್ಣು ಯಾಕೆ ಮುಚ್ಚುತ್ತೀರಿ? “ಕಣ್ಣು ತೆಗೆದ್ರೆ ನಿನ್ ಮುಖ ಕಾಣ್ತೈತೆ ಪಾಪಾ. ಮುಖ ನೋಡಿದ್ರೆ ಎಳೆಯೋಕೆ ಕೈ ಬರಾಕಿಲ್ಲ” ಎನ್ನುತ್ತಿದ್ದರು.

ನಾರಾಯಣಣ್ಣ ಆ ದಿನಗಳಲ್ಲಿ ಮನೆಯಲ್ಲೇ ಇದ್ದ. ಹಣೆಗೆ ಬಟ್ಟೆ ಸುತ್ತಿಕೊಂಡು ಹಿತ್ತಲ ಮೆಳೆಯ ಹತ್ತಿರ ಕೂತಿರುತ್ತಿದ್ದ. ಒಂದು ದಿನ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು, “ನೆಟ್ಟಗಾಗ್ತೈತೆ ಪಾಪಾ. ಅಪ್ಪ ಕಟ್ಟಿದ್ದು” ಎಂದು ನನ್ನ ಪಾದದ ಹೆಬ್ಬೆರಳು ಹಿಡಿದು ಅತ್ತುಬಿಟ್ಟ. ಗಂಡಸರು ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಇದ್ದದ್ದು ಅಲ್ಲಿಗೇ ಹೋಯಿತು.

ತನಿಖೆಗೆ ಮೋಟಾರು ಇನ್ಸ್‌ಪೆಕ್ಟರು ಬರುತ್ತಾರೆ ಎಂದು ತಿಳಿಯಿತು. ಹಿಂದಿನ ದಿನವೇ ಕಂಡಕ್ಟರು ಬಂದು ಪ್ರತಿಯೊಬ್ಬರ ಕಿವಿಯಲ್ಲೂ ಊದಿದ. “ಬಸ್ಸಿನಾಗೆ ಇದ್ದಿದ್ದು ಕಾಯಿದೆ ಪ್ರಕಾರ ಅಷ್ಟೇ ಜನ ಅನ್ರಿ. ಟಾಪಿನ ಮೇಲೆ ಯಾರೂ ಇರ್ಲಿಲ್ಲ. ಸತ್ತೋನು ರಸ್ತೆಯಾಗೆ ನಡ್ಕೊಂಡು ಹೋಗ್ತಿದ್ದ. ಹಿಂಗೆ ಹೇಳ್ದಿದ್ರೆ ಬಸ್ಸೇ ನಿಂತೋಗ್ತೈತೆ, ನಾರಾಯಣನ ಲೈಸೆನ್ಸೂ ಹೋಗ್ತೈತೆ.” ಊರಿನವರೂ ಬಂದರು. ಬಸ್ಸು ನಿಂತರೆ ಸಂತೆಗೆ ಹೋಗುವುದು ಹೇಗೆ, ಆಸ್ಪತ್ರೆಗೆ ಹೋಗುವುದು ಹೇಗೆ? ಅಮ್ಮ ಹೂಂ ಎಂದಳು. ಖಾದರ್ ಸಾಬರು ಹೂಂ ಎಂದರು. ಉಪ್ಪು ತಿಂದ ಮನೆಯ ಮಗ ನಾರಾಯಣಣ್ಣ, ಇನ್ನೇನು ಅನ್ನುತ್ತಾರೆ? ನಾನೂ ಹೂಂ ಎಂದೆ. ಅವನು ಅತ್ತದ್ದನ್ನು ಕಂಡಿದ್ದೆನಲ್ಲ.

ಮುನಿಯಪ್ಪನವರನ್ನು ಯಾರೂ ಕೇಳಲಿಲ್ಲ. ಅಪ್ಪನನ್ನು ಏನೆಂದು ಕೇಳುವುದು?

ಇನ್ಸ್‌ಪೆಕ್ಟರು ಮರುದಿನ ಮಧ್ಯಾಹ್ನ ಬಂದರು. ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡು, ಮೆಲ್ಲಗೆ ಮಾತಾಡುವ ಸೌಮ್ಯ ಮನುಷ್ಯ. ಎಲ್ಲರೂ ಪಾಠ ಒಪ್ಪಿಸಿದೆವು. ಅವರು ಎಲ್ಲವನ್ನೂ ಬರೆದುಕೊಂಡು ಎದ್ದರು. ಹೊರಡುವಾಗ ಸುಮ್ಮನೆ ಕೇಳಿದರು: “ಏನಜ್ಜ, ಈ ರಸ್ತೇಲಿ ಇದೇ ಮೊದಲನೇ ಅಪಘಾತ ಅಂತಾರಲ್ಲ?”

ಬಾಗಿಲ ಪಕ್ಕ ನಾರಾಯಣಣ್ಣ ತಲೆ ತಗ್ಗಿಸಿ ನಿಂತಿದ್ದ. ಮುನಿಯಪ್ಪನವರು ಅವನ ಕಡೆ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಇನ್ಸ್‌ಪೆಕ್ಟರೇ ಮುಜುಗರಪಟ್ಟು ಹ್ಯಾಟು ಹಾಕಿಕೊಂಡರು. ಆಮೇಲೆ ಮುನಿಯಪ್ಪನವರು ಕಣ್ಣು ಮುಚ್ಚಿದರು. ಅವರು ಕಣ್ಣು ಮುಚ್ಚಿದರೆ ಮುಂದೆ ಏನು ಎನ್ನುವುದು ಆ ಪಡಸಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

“ಬನ್ನಿ ಸ್ವಾಮಿ” ಎಂದರು.

ಕೊಟ್ಟಿಗೆ ಪಡಸಾಲೆಯ ಮಗ್ಗುಲಲ್ಲೇ. ನಾನು ಮಲಗಿದ್ದಲ್ಲಿಂದ ಕಾಣುತ್ತಿತ್ತು. ಅವರು ಏಣಿ ಹತ್ತಿ ಅಟ್ಟದ ಬಲಗಡೆಯ ಕಟ್ಟುಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಕರಿ ದಾರದವು. “ಇದು ಮುಳಬಾಗಿಲಿನ ಜವಳಿಯೋನು, ಟಾಪಿನಿಂದ ಬಿದ್ದ. ಇದು ಕುರುಡುಮಲೆಗೆ ಹರಕೆ ಒಪ್ಸೋಕೆ ಹೊಂಟಿದ್ದ ಹೆಣ್ಮಗಳು, ಫುಟ್‌ಬೋರ್ಡಿನಿಂದ. ಇದು ಅವಳ ಕೂಸಿಂದು, ನೋಡಿ ಎಷ್ಟು ಚಿಕ್ಕದೈತೆ. ಇದು ಮಾಸ್ತಿ ಕಡೆ ಮೇಷ್ಟ್ರು…” ನೆಲ ತುಂಬಿಹೋಯಿತು. ದನಗಳು ಹಿಂದಕ್ಕೆ ಸರಿದು ನಿಂತವು. ಕೊನೆಗೆ ನಮ್ಮ ಕಡೆ ಕೈ ತೋರಿಸಿ, “ಇನ್ನ ಇವ್ರದು ಬಿಚ್ಚಿಲ್ಲ. ಇವ್ರೆಲ್ಲ ಒಳ್ಳೆಯೋರು ಸ್ವಾಮಿ, ನನ್ ಮಗನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಾವ್ರೆ. ಬಸ್ಸು ಟಾಪಿನವರೆಗೂ ತುಂಬಿತ್ತು. ಅಲ್ಲಿ ಸತ್ತೋನಿಗೆ ದಬ್ಬೆ ಇಲ್ಲ. ಸತ್ತೋರಿಗೆ ನಾನು ದಬ್ಬೆ ಕಟ್ಟಾಕಿಲ್ಲ. ಅವನ್ನ ನೀವೇ ಬರ್ಕೊಳ್ಳಿ” ಎಂದರು.

ಇನ್ಸ್‌ಪೆಕ್ಟರು ಬಗ್ಗಿ ಆ ಕೂಸಿನ ದಬ್ಬೆಯನ್ನು ಕೈಗೆತ್ತಿಕೊಂಡರು. ನಮ್ಮ ಬೆರಳಿನಷ್ಟು ಉದ್ದ ಅದು. ಆಮೇಲೆ ಬರೆದುಕೊಂಡಿದ್ದ ಕಾಗದವನ್ನು ಹರಿದು ಹೊಸದಾಗಿ ಬರೆಯಲು ಕೂತರು.

ಅವತ್ತು ಸಂಜೆ ನನಗೆ ತಡೆಯಲಾಗಲಿಲ್ಲ. “ಯಾಕೆ ತಾತ ಹೇಳಿಬಿಟ್ರಿ? ನಾರಾಯಣಣ್ಣ ಪಾಪ ಅಲ್ವಾ?” ಎಂದು ಅತ್ತೆ, ಬೈದೆ, ಅವರು ಕೊಟ್ಟ ಗಂಜಿಯನ್ನು ತಳ್ಳಿದೆ. ಅವರು ಒಳಗೆ ಹೋಗಿ, ರಾಗಿ ತುಂಬಿಡುವ ವಾಡೆಯ ಹಿಂದಿನಿಂದ ಒಂದು ಕಟ್ಟು ತಂದು ನನ್ನ ಮುಂದೆ ಇಟ್ಟರು. ಉದ್ದನೆಯ ದಬ್ಬೆಗಳು. ನಯವಾಗಿ ಹೆರೆದವು. ಸೊಪ್ಪಿನ ಕಲೆಯಿಲ್ಲ, ಹಿಟ್ಟಿನ ಗುರುತಿಲ್ಲ. ಕೆಂಪು ದಾರ ಸುತ್ತಿತ್ತು.

“ಇದು ಯಾರದು?”

“ಅವನ್ದು. ಡ್ರೈವರ್ ಕೆಲ್ಸಕ್ಕೆ ಸೇರಿದ ದಿನ, ಮಲಗಿದ್ದಾಗ ಕಾಲು ಅಳ್ಕೊಂಡು ಕಡಿದಿಟ್ಟೆ. ಯಾವತ್ತಿದ್ರೂ ಹೊತ್ಕೊಂಡು ಬರ್ತಾರೆ ಅಂತ. ದಿನಾ ಕಾಯ್ತೀನಿ ಪಾಪಾ, ಇವತ್ತು ಬರ್ತೈತೋ ನಾಳೆ ಬರ್ತೈತೋ ಅಂತ.” ಕೆಂಪು ದಾರವನ್ನು ಇನ್ನಷ್ಟು ಬಿಗಿದರು. “ಅವನು ನನ್ ಮುಖ ನೋಡ್ದಿದ್ರೆ ಬ್ಯಾಡ. ಕಾಲು ನೆಟ್ಟಗಿರ್ಲಿ. ಇದನ್ನ ಕಟ್ಟೋ ದಿನ ಬರಬಾರ್ದು ಅಂತ ಹೇಳ್ಬುಟ್ಟೆ.”

ಲೈಸೆನ್ಸು ಹೋಯಿತು. ನಾರಾಯಣಣ್ಣ ಅಪ್ಪನ ಜೊತೆ ಮಾತು ಬಿಟ್ಟ. ನನ್ನ ಕಟ್ಟು ಬಿಚ್ಚುವ ಹೊತ್ತಿಗೆ ಯುದ್ಧ ಶುರುವಾಗಿತ್ತು. ಮಿಲಿಟರಿ ಲಾರಿ ಓಡಿಸುವವರು ಬೇಕೆಂದು ಬೆಂಗಳೂರಿನಲ್ಲಿ ಜನ ಸೇರಿಸುತ್ತಿದ್ದಾರೆ ಎಂದು ಕೇಳಿ ಒಂದು ಬೆಳಿಗ್ಗೆ ಟ್ರಂಕು ಹಿಡಿದು ಹೊರಟ. ಅಪ್ಪ ಜಗಲಿಯ ಮೇಲೆ, ಮಗ ರಸ್ತೆಯ ಮೇಲೆ. ಗಂಗಮ್ಮನವರು ಅಡ್ಡ ನಿಂತು ಅತ್ತರು. ಮುನಿಯಪ್ಪನವರು “ಎಡಕ್ಕೇ ಹೋಗ್ಲಾ” ಎಂದಷ್ಟೇ ಹೇಳಿದರು. ಅವನು ತಿರುಗಿ ನೋಡಲಿಲ್ಲ. ಆದರೆ ಎಡಕ್ಕೇ ಹೋದ. ನಾನು ನೋಡಿದೆ.

ಊರು ಅವರ ಮೇಲೆ ಎಷ್ಟು ಸಿಟ್ಟಾಯಿತೆಂದು ಹೇಳಲಾರೆ. ಕೆಲವು ತಿಂಗಳು ಬಸ್ಸು ನಿಂತೇ ಹೋಯಿತು. ಮುರಿದುಕೊಂಡವರನ್ನು ಹೊತ್ತು ತರುವುದನ್ನು ಮಾತ್ರ ಯಾರೂ ಬಿಡಲಿಲ್ಲ, ಮುರಿದವರಿಗೆ ಸಿಟ್ಟು ಎಲ್ಲಿ? ಬಸ್ಸು ಮತ್ತೆ ಶುರುವಾದಾಗ ಅದರ ಚಹರೆಯೇ ಬೇರೆ. ಚೌಕಿಯವರು ಈಗ ಹೊಂಗೆಮರದ ಕೆಳಗೂ ನಿಲ್ಲುತ್ತಿದ್ದರು. ಪ್ರದಕ್ಷಿಣೆ ನಿಂತಿತು. ಟಾಪಿನ ಮೇಲೆ ಮೂಟೆ ಬಿಟ್ಟರೆ ಮನುಷ್ಯರಿಲ್ಲ. ಪೆಟ್ರೋಲಿಲ್ಲದೆ ಇದ್ದಿಲ ಬಸ್ಸು ಬಂದ ಮೇಲಂತೂ ಜೋರಾಗಿ ಓಡುವ ಮಾತೇ ಇರಲಿಲ್ಲ. ಏರಿ ಹತ್ತುವಾಗ ನಾವೇ ಇಳಿದು ತಳ್ಳಬೇಕಾಗಿತ್ತು.

ಏರಿಯ ಕೆಳಗೆ ಬಸ್ಸು ನೀರು ಕುಡಿಯಲು ನಿಲ್ಲುತ್ತಿತ್ತು. ಅಜ್ಜಿಯ ಮನೆಗೆ ಹೋಗುವಾಗ ಬರುವಾಗ ನಾನು ಓಡಿಹೋಗಿ ಅವರನ್ನು ನೋಡುತ್ತಿದ್ದೆ. ಜಗಲಿಯ ಮೇಲಿಂದ ಅವರು ಕೇಳುತ್ತಿದ್ದದ್ದು ಮತ್ತದೇ. “ಯಾವ ಬಸ್ಸು ಪಾಪಾ? ಡ್ರೈವರ್ ಯಾರು?” ಮೊದಲು ಹೆದರಿಕೆಯಿಂದ ಕೇಳುತ್ತಿದ್ದವರು ಈಗ ಆಸೆಯಿಂದ ಕೇಳುತ್ತಿದ್ದರು. ಮಗ ಎಲ್ಲೋ ಒಂದು ದಿನ ವಾಪಸು ಬಂದು ಇದೇ ರಸ್ತೆಯಲ್ಲಿ ಇನ್ನೊಂದು ಬಸ್ಸು ಹಿಡಿದಾನು ಎಂದು. ನಾನು ಡ್ರೈವರನ ಹೆಸರು ಹೇಳುತ್ತಿದ್ದೆ. “ಹೌದಾ” ಎಂದು ತಲೆಯಾಡಿಸುತ್ತಿದ್ದರು. ಒಂದು ಸಲ ಅವರ ಮುಖ ನೋಡಲಾರದೆ ಸುಳ್ಳು ಹೇಳೋಣ ಎನ್ನಿಸಿತು. ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದವಳು ನಾನು, ಅವರ ಮುಂದೆ ಇನ್ನೊಂದು ಸಲ ಆಗಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಮದುವೆಯಾಗಿ ಮಾಲೂರಿಗೆ ಹೊರಟಾಗ. ಕಣ್ಣಿಗೆ ಪೊರೆ ಬಂದಿತ್ತು. ಗಂಗಮ್ಮನವರು ತೀರಿಹೋಗಿದ್ದರು. ನನ್ನ ದನಿ ಕೇಳಿ, “ಬಾ, ಕಾಲು ತೋರ್ಸು” ಎಂದರು. ಮದುವಣಗಿತ್ತಿ, ಕಾಲುಂಗುರ ತೊಟ್ಟ ಕಾಲು ಚಾಚಿ ಜಗಲಿಯ ಮೇಲೆ ಕೂತೆ. ನಮ್ಮ ಯಜಮಾನರು ಕಕ್ಕಾಬಿಕ್ಕಿ. ಮುನಿಯಪ್ಪನವರು ಕಣ್ಣು ಮುಚ್ಚಿ, ಮುರಿದಿದ್ದ ಜಾಗವನ್ನು ಬೆರಳಿಂದ ಹುಡುಕಿದರು. ಹುಡುಕಿದರು, ಸಿಗಲಿಲ್ಲ. “ಎಲ್ಲೈತೋ ಗೊತ್ತಾಗಾಕಿಲ್ಲ” ಎಂದು ನಕ್ಕರು. ಅವರಿಗೆ ಅಷ್ಟು ಸಂತೋಷವಾದದ್ದನ್ನು ಹುಣಸೆಮರದಿಂದ ಬಿದ್ದವನು ಬಂದಾಗ ಬಿಟ್ಟರೆ ನಾನು ಕಂಡಿರಲಿಲ್ಲ.

“ಮೆಳೆ ನೋಡ್ದಾ?” ಎಂದು ಕೇಳಿದರು. ನೋಡಿದೆ. ಕಡಿಯುವವರಿಲ್ಲದೆ ಬಿದಿರು ಕಾಡಿನ ಹಾಗೆ ಬೆಳೆದು ಕೊಟ್ಟಿಗೆಯ ಮೇಲೆ ಬಾಗಿತ್ತು. “ಬರೋರೇ ಇಲ್ಲ ಪಾಪಾ. ಕರಿ ದಾರದ ಉಂಡೆ ಹಂಗೇ ಬಿದ್ದೈತೆ. ಸಂತೋಷ ಆಗ್ತೈತೆ. ಮನೆ ಬಿಕೋ ಅಂತೈತೆ, ಅದೂ ಆಗ್ತೈತೆ.” ಆಮೇಲೆ ಕೇಳಿದರು: “ಯಾವ ಬಸ್ಸಿನಾಗೆ ಬಂದೆ? ಡ್ರೈವರ್ ಯಾರು?”

“ಯಾರೋ ಹೊಸಬರು ತಾತ, ಗೊತ್ತಿಲ್ಲ.”

“ಹೋಗಮ್ಮ, ಬಸ್ಸು ಹೊರಡ್ತೈತೆ” ಎಂದರು.

ಯುದ್ಧ ಮುಗಿದ ಮೇಲೆ ಒಮ್ಮೆ, ಮಗುವನ್ನು ಎತ್ತಿಕೊಂಡು, ಬಾಣಂತನ ಮುಗಿಸಿ ಶ್ರೀನಿವಾಸಪುರದಿಂದ ಮಾಲೂರಿಗೆ ವಾಪಸು ಹೊರಟಿದ್ದೆ. ಅಷ್ಟರಲ್ಲಿ ಮುನಿಯಪ್ಪನವರು ಹೋಗಿ ಎರಡು ತಿಂಗಳಾಗಿತ್ತು. ಸುದ್ದಿ ನನಗೆ ತಡವಾಗಿ ತಿಳಿದಿತ್ತು. ಏರಿ ಹತ್ತಿರವಾದಂತೆ ನಾನು ಕಿಟಕಿಯ ಕಡೆ ನೋಡಬಾರದು ಎಂದು ಮಗುವಿನ ಮುಖ ನೋಡುತ್ತ ಕೂತೆ. ಬಸ್ಸು ಏರಿ ಇಳಿಯಿತು. ನಿಧಾನವಾಯಿತು. ಪಾಂವ್, ಪಾಂವ್.

“ಆಳಿಲ್ಲ ಎತ್ತಿಲ್ಲ, ಯಾರಿಗಪ್ಪಾ ಹಾರನ್ನು?” ಎಂದು ಹಿಂದೆ ಯಾರೋ ಗೊಣಗಿದರು. ರಸ್ತೆ ಖಾಲಿ. ಜಗಲಿ ಖಾಲಿ. ಬಾಗಿಲಿಗೆ ಬೀಗ. ಡ್ರೈವರನ ಬೆನ್ನಷ್ಟೇ ಕಾಣುತ್ತಿತ್ತು, ಕುತ್ತಿಗೆಯ ಕೂದಲು ನರೆತಿತ್ತು.

ಕೋಲಾರದಲ್ಲಿ ಎಲ್ಲರೂ ಇಳಿಯುವವರೆಗೆ ಕಾದೆ. “ನಾರಾಯಣಣ್ಣ” ಎಂದೆ.

“ಯಾರಮ್ಮಾ?”

ಸೀರೆಯ ನೆರಿಗೆ ಸರಿಸಿ ಎಡಗಾಲು ಮುಂದಿಟ್ಟೆ. ಅವರು ಕಾಲನ್ನೇ ನೋಡಿದರು, ಆಮೇಲೆ ಮುಖ ನೋಡಿದರು. “ಮೇಷ್ಟ್ರ ಮಗಳು! ನೆಟ್ಟಗೈತಾ?”

“ನೆಟ್ಟಗಿದೆ. ನಿಮ್ಮದು?”

“ನಂದಕ್ಕೇನಾಗೈತೆ? ಬರ್ಮಾ ರಸ್ತೆಯಾಗೂ ಎಡಕ್ಕೇ ಓಡ್ಸಿದೆ” ಎಂದು ನಗಲು ನೋಡಿದರು. ನಗು ಬರಲಿಲ್ಲ. “ಒಂದು ತಿಂಗಳು ತಡ ಆಯ್ತಮ್ಮಾ ನಾನು ಬರೋದು. ಒಂದೇ ತಿಂಗಳು.” ತೋಳಿನಿಂದ ಮುಖ ಒರೆಸಿಕೊಂಡರು. “ಮನೆ ಗುಡಿಸುವಾಗ ವಾಡೆ ಹಿಂದೆ ಒಂದು ಕಟ್ಟು ಸಿಕ್ತು. ಹೊಸಾ ದಬ್ಬೆ, ಯಾರಿಗೂ ಕಟ್ಟಿದ್ದಲ್ಲ. ಕೆಂಪು ದಾರ. ಅಪ್ಪ ಕೆಂಪು ದಾರ ಯಾರಿಗೂ ಕಟ್ತಿರಲಿಲ್ಲ. ಯಾರದೋ ಏನೋ, ಸುಡೋಕೆ ಮನಸ್ಸು ಬರ್ಲಿಲ್ಲ.”

ನಾನು ಹೇಳಿದೆ. ಅಂದು ಗಂಜಿ ತಳ್ಳಿದ್ದು, ಮುನಿಯಪ್ಪನವರು ಒಳಗಿನಿಂದ ಕಟ್ಟು ತಂದಿಟ್ಟದ್ದು, ಹೇಳಿದ ಮಾತು, ಒಂದನ್ನೂ ಬಿಡದೆ ಹೇಳಿದೆ. “ಅದು ನಿಮ್ಮ ಕಾಲಿನ ಅಳತೆ ಅಣ್ಣ. ಕಟ್ಟೋ ದಿನ ಬರಬಾರದು ಅಂತ ಇಟ್ಟಿದ್ದು.”

ನಾರಾಯಣಣ್ಣ ಫುಟ್‌ಬೋರ್ಡಿನ ಮೇಲೆ ಕೂತರು. ಖಾಕಿ ಷರಾಯಿಯನ್ನು ಮೊಣಕಾಲವರೆಗೆ ಸರಿಸಿದರು. ಎರಡು ಕೈಯಲ್ಲೂ ತಮ್ಮ ಕಾಲನ್ನು ಹಿಡಿದುಕೊಂಡು, ಅಪ್ಪನ ಹಾಗೆಯೇ ಕಣ್ಣು ಮುಚ್ಚಿ, ಮೊಣಕಾಲಿನಿಂದ ಪಾದದವರೆಗೆ ಬೆರಳಾಡಿಸಿ ನೋಡಿಕೊಂಡರು. ಎಲ್ಲೂ ಮುರಿದಿರಲಿಲ್ಲ.

‘ಯಾವ ಬಸ್ಸು, ಡ್ರೈವರ್ ಯಾರು’ ಎಂದು ಆಗ ಯಾರಾದರೂ ಕೇಳಬೇಕಿತ್ತು. ಉತ್ತರ ನನ್ನ ಬಾಯಲ್ಲೇ ಇತ್ತು. ಕೇಳುವವರು ಇರಲಿಲ್ಲ.